ನಿಂಗವ್ವ ಕರಿದ ಚಿಪ್ಸ್

ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್‌ನಲ್ಲಿ, ತೈಲ ಕಂಪನಿಗಳ ಕಟ್ಟಡಗಳ ಹಿಂದಿನ ಬಡಾವಣೆಯಲ್ಲಿ ನಿಂಗವ್ವನವರ ಮನೆ. ಗೋಕಾಕದ ಕಡೆಯವರು. ಗಂಡ ದಾನಪ್ಪನವರು ತೀರಿಕೊಂಡ ಮೇಲೆ ಅವರು ಇಲ್ಲಿ ನಡೆಸುತ್ತಿದ್ದ ಕಿರಾಣಿ ಅಂಗಡಿಯನ್ನು ಮುಚ್ಚದೆ, ಅಲ್ಲೇ ಜೋಳದ ರೊಟ್ಟಿ ಬಡಿದು ಮಾರಿ ಬದುಕು ನಡೆಸಿದವರು. ನಾನು ಮೈಸೂರಿನ ಇಂದುಮತಿ. ಅವರ ಕನ್ನಡ ಮೊದಮೊದಲು ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಇಂಗ್ಲಿಷಂತೂ ಇನ್ನೂ ತಮಾಷೆ. ಅದನ್ನು ಕಲಿಸಿದವರು ಪಕ್ಕದ ಮನೆಯ ಡೊರೀನ್. ಇಂಗ್ಲೆಂಡಿನ ಯಾರ್ಕ್‌ಶೈರ್‌ನಿಂದ ಇಂಜಿನಿಯರ್ ಗಂಡನ ಜೊತೆ ಬಂದು, ಅವರು ತೀರಿಹೋದ ಮೇಲೂ ಇಲ್ಲೇ ಉಳಿದ ಹೆಂಗಸು. ಹಾಗಾಗಿ ನಮ್ಮ ನಿಂಗವ್ವ ಟೆಕ್ಸಾಸ್‌ನ ಅಂಗಡಿಯವರನ್ನೆಲ್ಲ ಯಾರ್ಕ್‌ಶೈರ್ ಅಜ್ಜಿಯ ಹಾಗೆ ‘ಲವ್’ ಎಂದು ಕರೆಯುತ್ತಿದ್ದರು. ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ಆದರೆ ಊಟದ ವಿಷಯಕ್ಕೆ ಬಂದರೆ ನಮ್ಮ ನಗು ನಿಲ್ಲುತ್ತಿತ್ತು. ಪ್ರತಿ ವರ್ಷ ಬಸವ ಜಯಂತಿಯ ದಾಸೋಹದ ಅಡುಗೆ ಅವರದೇ. ಆಸ್ಟಿನ್, ಡಾಲಸ್‌ಗಳಿಂದ ಜನ ಮೂರು ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಿದ್ದದ್ದು ಅವರ ಗೋಧಿ ಹುಗ್ಗಿಗೆ, ನಮ್ಮ ಭಾಷಣಗಳಿಗಲ್ಲ. ನೈವೇದ್ಯಕ್ಕೆ ಮುಂಚೆ ಅವರು ಒಂದು ಹನಿಯನ್ನೂ ನಾಲಿಗೆಗೆ ಹಚ್ಚಿ ನೋಡುತ್ತಿರಲಿಲ್ಲ. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಮಾಂಸ ಬೇಯಿಸುವ ಮನೆಯಲ್ಲಿ ನೀರನ್ನೂ ಮುಟ್ಟದ ನೇಮ. ಗಂಡ ಹೋದಾಗ ತನ್ನನ್ನು ಹಿಡಿದು ನಿಲ್ಲಿಸಿದ್ದು ಆ ಒಂದು ದಿನದ ಅಡುಗೆಯೇ ಎಂದು ನನ್ನೊಡನೆ ಹೇಳಿದ್ದರು.

ಡೊರೀನ್ ಅವರ ಊರಿನಲ್ಲಿ ಶುಕ್ರವಾರವೆಂದರೆ ಚಿಪ್ಸ್. ಪ್ಯಾಕೆಟ್ಟಿನಿಂದ ತೆಗೆದು ಕರಕರ ಅಗಿಯುವುದಲ್ಲ, ಇಲ್ಲಿನ ಕಡ್ಡಿಯಂಥ ಫ್ರೈಸ್ ಕೂಡ ಅಲ್ಲ. ಹೆಬ್ಬೆರಳು ದಪ್ಪದ ಆಲೂಗಡ್ಡೆಯ ಹೋಳು. ಒಳಗೆ ಮೆತ್ತಗೆ, ಅಂಚು ಮಾತ್ರ ಗರಿಗರಿ, ಮೇಲೆ ಉಪ್ಪು ಮತ್ತು ಕಂದು ವಿನಿಗರ್. ಗಿರಣಿಯಿಂದ ಬಿಟ್ಟ ಜನ ಬೀದಿ ಮೂಲೆಯ ಅಂಗಡಿಯೆದುರು ಸಾಲು ನಿಂತು, ಕಾಗದದಲ್ಲಿ ಕಟ್ಟಿಸಿಕೊಂಡು, ಬಿಸಿ ಆರುವ ಮುಂಚೆ ಮನೆಗೆ ಓಡುತ್ತಿದ್ದರಂತೆ. ಜೊತೆಗೆ ತಿನ್ನುವ ಕರಿದ ಮೀನು ಕೊಳ್ಳಲಾಗದ ವಾರವೂ ಚಿಪ್ಸ್ ತಪ್ಪುತ್ತಿರಲಿಲ್ಲವಂತೆ. ಅಂಥದೊಂದು ಅಂಗಡಿ ಡೊರೀನ್ ಅವರ ತಂದೆಯದು. ನಿಂಗವ್ವ ಎಲ್ಲವನ್ನೂ ಕೇಳಿ ಕೇಳಿ ಕಲಿತರು. ಹೋಳನ್ನು ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಒರೆಸಿ, ಸಣ್ಣ ಉರಿಯಲ್ಲಿ ಒಮ್ಮೆ ಕರಿಯಬೇಕು. ಆರಿದ ಮೇಲೆ ದೊಡ್ಡ ಉರಿಯಲ್ಲಿ ಇನ್ನೊಮ್ಮೆ. ಹನ್ನೆರಡು ವರ್ಷ, ಪ್ರತಿ ಶುಕ್ರವಾರ ಸಂಜೆ, ಡೊರೀನ್ ಇವರ ಮನೆಗೆ ಬಂದು ಶೇಂಗಾ ಎಣ್ಣೆಯಲ್ಲಿ ಕರಿದ ಚಿಪ್ಸ್ ತಿಂದು, ಭೇಷ್ ಎಂದು ಹೇಳಿ ಹೋಗುತ್ತಿದ್ದರು. ಯಾರ್ಕ್‌ಶೈರ್‌ನವರು ಹುಡುಕಿಕೊಂಡು ಬರುವಷ್ಟು ಚೆನ್ನಾಗಿ ತಾನು ಚಿಪ್ಸ್ ಮಾಡುತ್ತೇನೆಂದು ನಿಂಗವ್ವನವರಿಗೆ ಒಳಗೊಳಗೇ ಜಂಬ.

೨೦೧೫ರ ಮಾರ್ಚ್ ಹೊತ್ತಿಗೆ ಡೊರೀನ್ ಹಾಸಿಗೆ ಹಿಡಿದಿದ್ದರು. ಕ್ಯಾನ್ಸರ್. ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ್ದರು. ಐದು ದಿನದಿಂದ ಏನೂ ತಿಂದಿರಲಿಲ್ಲ. ಶುಕ್ರವಾರ ನಿಂಗವ್ವ ಚಿಪ್ಸ್ ಒಯ್ದರು, ಜೊತೆಗೆ ನಾನೂ ಹೋಗಿದ್ದೆ. ಡೊರೀನ್ ಒಂದನ್ನು ಬಾಯಿಗಿಟ್ಟು, ನಮಗೆ ಕಾಣಬಾರದೆಂದು ಮುಖ ತಿರುಗಿಸಿ ಕಾಗದದ ಕರವಸ್ತ್ರದಲ್ಲಿ ಉಗಿದರು. ಔಷಧಿಯ ಮಂಪರೋ ಏನೋ, ಇಷ್ಟು ವರ್ಷ ಮುಚ್ಚಿಟ್ಟದ್ದು ಆಗ ಹೊರಬಂತು. ಇದು ಚೆನ್ನಾಗಿದೆ, ಆದರೆ ಚಿಪ್ಸ್ ಅಲ್ಲ ಎಂದರು. ತನ್ನ ಅಪ್ಪ ಕರಿಯುತ್ತಿದ್ದದ್ದು ದನದ ಕೊಬ್ಬಿನಲ್ಲಿ, ಆ ಸೀಮೆಯಲ್ಲಿ ಎಲ್ಲರೂ ಕರಿಯುವುದು ಅದರಲ್ಲೇ, ಆ ವಾಸನೆ ಬಂದರೇ ಮನೆ. ಮರುಕ್ಷಣ ಎಚ್ಚರವಾದವರ ಹಾಗೆ ನಿಂಗವ್ವನವರ ಕೈ ಹಿಡಿದು, ನೀನು ಅದನ್ನು ಮುಟ್ಟಕೂಡದು ಎಂದು ಕೇಳಿಕೊಂಡರು.

ನಿಂಗವ್ವ ಆ ರಾತ್ರಿ ಊಟ ಮಾಡಲಿಲ್ಲವಂತೆ. ಬೆಳಿಗ್ಗೆ ಫೋನ್ ಮಾಡಿ, ಇಂಗ್ಲಿಷ್ ಸಾಮಾನು ಸಿಗುವ ಅಂಗಡಿಗೆ ಕರೆದುಕೊಂಡು ಹೋಗು ಎಂದರು. ದಾರಿಯುದ್ದಕ್ಕೂ ನಾನು ರೇಗಿದೆ. ಹೋಟೆಲಿನಿಂದ ತರಿಸೋಣ ಎಂದೆ; ಅದು ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ ಎಂದರು. ಡೊರೀನ್ ಅವರನ್ನು ನೋಡಿಕೊಳ್ಳಲು ಬರುವ ನರ್ಸ್ ಕರಿಯಲಿ ಎಂದೆ. ಅವಳಿಗೆ ಎರಡು ಸಲ ಕರಿಯುವುದು ಗೊತ್ತಿಲ್ಲ ಎಂದರು. ಈ ಸುದ್ದಿ ಹೊರಬಿದ್ದರೆ ಇನ್ನು ಮುಂದೆ ದಾಸೋಹದ ಒಲೆಯ ಹತ್ತಿರ ಯಾರೂ ಬಿಡುವುದಿಲ್ಲ ಎಂದೆ. ಗೊತ್ತಿದೆ ಎಂದರು.

ಡೊರೀನ್ ಅವರ ಅಡುಗೆಮನೆಯಲ್ಲಿ, ಹೊಸ ಬಾಣಲೆಯಲ್ಲಿ, ಡಾಲ್ಡಾದಂತೆ ಬೆಳ್ಳಗಿದ್ದ ಆ ದನದ ಕೊಬ್ಬಿನ ಗಟ್ಟಿ ಕರಗತೊಡಗಿತು. ವಾಸನೆ ಎದ್ದಾಗ ನಿಂಗವ್ವನವರ ಕಣ್ಣಲ್ಲಿ ನೀರು ಬಂತು, ಸೆರಗನ್ನು ಮೂಗಿಗೆ ಒತ್ತಿಕೊಂಡರು. ಕರಡಿಗೆಯನ್ನಾದರೂ ತೆಗೆದಿಡಿ ಆಂಟಿ ಎಂದು ನಾನು ಅಂದೆ.

“ಲಿಂಗಾ ತಗದಿಟ್ಟು ಮಾಡೂ ಕೆಲಸಾ ಆದ್ರ ಮಾಡಬಾರದವಾ,” ಎಂದರು. “ಅಂವ ನೋಡ್ಲಿ.”

ಎರಡು ಸಲ ಕರಿದರು. ಯಾವತ್ತಿನಂತೆ ರುಚಿ ನೋಡದೆಯೇ ಉಪ್ಪು ಉದುರಿಸಿದರು. ಡೊರೀನ್ ವಾಸನೆಗೇ ಕಣ್ಣು ತೆರೆದಿದ್ದರು. ಯಾವುದರಲ್ಲಿ ಕರಿದೆ ಎಂದು ಕೇಳಲಿಲ್ಲ, ಅಳುತ್ತಾ ಒಂದೊಂದೇ ತಿಂದರು. ಅರ್ಧ ತಟ್ಟೆ ಖಾಲಿಯಾಯಿತು. ನಿಂಗವ್ವ ಪಕ್ಕದಲ್ಲಿ ಕೂತು ಅವರ ಬಾಯಿ ಒರೆಸುತ್ತಿದ್ದರು. ಹೇಸಿಗೆಯಿಂದ ಬಾಗಿಲಲ್ಲೇ ನಿಂತಿದ್ದ ನನಗೆ ನನ್ನ ಮೇಲೇ ನಾಚಿಕೆಯಾಯಿತು. ಡೊರೀನ್ ಮುಂದಿನ ಗುರುವಾರ ತೀರಿಕೊಂಡರು.

ಅಷ್ಟಕ್ಕೆ ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನ ಬಾಯಿ ಸುಮ್ಮನಿರಲಿಲ್ಲ. ದಾಸೋಹ ನಡೆಸುವ ನಮ್ಮ ಬಳಗದ ಅಧ್ಯಕ್ಷ ಸತ್ಯಪ್ರಕಾಶರ ಹೆಂಡತಿಗೆ, ಎಂಥ ದೊಡ್ಡ ಮನಸ್ಸು ನೋಡಿ ಎಂದು ಹೊಗಳುವ ನೆಪದಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ವಾರದೊಳಗೆ ಸುದ್ದಿ ಡಾಲಸ್ ಮುಟ್ಟಿತು. ಆ ಕೈಯ ಪ್ರಸಾದ ಬೇಡ ಎಂದವರೂ ಇದ್ದರು, ಸುಮ್ಮನಾದವರೂ ಇದ್ದರು. ಸುಮ್ಮನಾದವರೇ ಹೆಚ್ಚು, ಅದರಿಂದ ಏನೂ ಉಪಯೋಗವಾಗಲಿಲ್ಲ. ಕೊನೆಗೆ ಸತ್ಯಪ್ರಕಾಶರು ಒಂದು ದಾರಿ ಕಂಡುಹಿಡಿದರು. ಕರಿದದ್ದು ಎಣ್ಣೆಯಲ್ಲೇ, ಇಂದುಮತಿ ತಪ್ಪು ತಿಳಿದುಕೊಂಡಳು ಎಂದು ನಿಂಗವ್ವ ಒಂದು ಮಾತು ಹೇಳಿದರೆ ಸಾಕು, ದಾಸೋಹದ ಅಡುಗೆ ಈ ವರ್ಷವೂ ಅವರದೇ. ಅದನ್ನು ಹೇಳಿ ಒಪ್ಪಿಸಲು ನನ್ನನ್ನೇ ಕಳಿಸಿದರು.

ಹೋಗಿ ಹೇಳಿದೆ. ನನ್ನದೇ ತಪ್ಪು ಎಂದು ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ, ನೀವು ಹೂಂ ಅನ್ನಿ ಸಾಕು ಎಂದು ಕೈ ಮುಗಿದೆ. ನಿಂಗವ್ವ ಬೈಯಲಿ ಎಂದು ಕಾದೆ, ಬೈಯಲಿಲ್ಲ.

“ಹನ್ನೆರಡು ವರ್ಷ ಆಕಿ ನನ್ನ ಮನಸ್ಸು ನೋಯಬಾರದಂತ ಸುಳ್ಳ ಹೇಳಿ ಉಂಡಾಳ ತಂಗಿ,” ಎಂದರು. “ಖರೇ ಉಂಡದ್ದು ಅದೊಂದ ಸರ್ತಿ. ಅದನ್ನೂ ಸುಳ್ಳ ಮಾಡ್ಲೇನು?”

ಆಮೇಲೆ ಎದ್ದು, ಈ ಸಲ ಬೇರೆಯವರು ಮಾಡಬೇಕಾದ ದಾಸೋಹಕ್ಕೆಂದು, ಇನ್ನೂರು ಜನಕ್ಕೆ ಗೋಧಿ ಎಷ್ಟು ನೆನೆಹಾಕಬೇಕು, ಬೆಲ್ಲ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ನನ್ನ ಕೈಗಿಟ್ಟರು.