ಅವ್ವ ಇಳಿದದ್ದೇ ಎದ್ದ ಗಾಡಿ

ದೋಸ್ತರೇ, ನಾಳೆ ಬಸುರಿ ಹೆಂಡತಿಯನ್ನ ಕಾರವಾರದ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು ಹೇಳಿ, ಇವತ್ತು ಅಂಕೋಲೆಯಲ್ಲಿ ನಮ್ಮ ಸಣ್ಣ ಕಾರಿನ ಸವೆದ ಸಸ್ಪೆನ್ಶನ್ ಬಿಚ್ಚಿಸಿ ಸೀಲು, ಆಯಿಲ್ ಹೊಸದು ಹಾಕಿಸಿದೆ. "ದಿನಾ ಹೇರೂ ಭಾರ ಹೇರ್ಕೊಂಡು ಬಾ, ಅದಕ್ಕೆ ಸರಿಯಾಗಿ ಸ್ಪ್ರಿಂಗ್ ಬಿಗಿ ಮಾಡ್ತೆ" ಅಂದ ಗ್ಯಾರೇಜಿನ ಮೇಸ್ತ್ರಿ. ಅವ್ವನನ್ನೂ ಅವಳು ಮಾರೂ ಬಂಗಡೆ ಮೀನಿನ ಎರಡು ಬುಟ್ಟಿಯನ್ನೂ ಹಿಂದೆ ಕೂರಿಸಿದೆ.

"ಅಮ್ಮಾ, ಅಲ್ಲಾಡ್ಬೇಡಿ" ಅಂದ ಮೇಸ್ತ್ರಿ.

"ನಾನೇನು ತೂಕದ ಕಲ್ಲಾ?" ಅಂದಳು ಅವ್ವ.

ನಮ್ಮೂರು ಕೇಣಿವರೆಗೆ ಗಾಡಿ ಮೆತ್ತಗೆ ಬಂತು. ಅವ್ವ ಬುಟ್ಟಿ ಸಮೇತ ಇಳಿದದ್ದೇ ಹಿಂಬದಿ ಗೇಣುದ್ದ ಮೇಲೆದ್ದಿತು. ಹೆಂಡತಿಯೊಬ್ಬಳನ್ನೇ ಕೂರಿಸಿ ಒಂದು ಹಂಪ್ ದಾಟಿಸಿದೆ, ಗಾಡಿ ಎತ್ತಿ ಹಾಕ್ತು. "ಇದ್ರಲ್ಲಿ ನಾ ಬರೂದಿಲ್ಲ" ಅಂದಳು, ಹೊಟ್ಟೆ ಹಿಡ್ಕೊಂಡು.

ಫೋನ್ ಮಾಡಿದ್ರೆ ಮೇಸ್ತ್ರಿ, "ನಾಳೆ ಗ್ಯಾರೇಜ್ ರಜೆ ಮಾರಾಯಾ, ಅದೇ ಭಾರ ಹೇರ್ಕೊಂಡು ಹೋಗು" ಅಂದ.

ಅವ್ವ ಈಗ್ಲೇ ಸೀರೆ ತೆಗೆದಿಟ್ಟಿದ್ದಾಳೆ. ನಾಳೆ ಬಲೆಗೆ ಬಂಗಡೆ ಬೀಳದೆ ಬುಟ್ಟಿ ಖಾಲಿ ಉಳಿದ್ರೆ ಡಾಕ್ಟರ ಹತ್ರ ಹೋಗೂದು ಹೇಗೆ ಅನ್ನೂದೇ ನನ್ನ ಚಿಂತೆ.