ಗಾದಿಗೆ ಬಗ್ಗದ ನಡು

ಆದಿಲಶಾಹಿಗಳ ಗಾದಿ ಹೋಗಿ ಶತಮಾನಗಳಾದರೂ ಜೋರಾಪುರ ಪೇಟೆಯಲ್ಲಿ ಒಂದು ಗಾದಿ ಉಳಿದಿತ್ತು. ಅದು ಸೀರೆ ವ್ಯಾಪಾರಿ ಪ್ರಲ್ಹಾದರದು. ಬಿಳಿ ಅರಿವೆ ಹೊದಿಸಿದ ಗಾದಿಯ ಮೇಲೆ, ಲೋಡಿಗೆ ಒರಗಿ, ಚಕ್ಕಳಮಕ್ಕಳ ಹಾಕಿ ಅವರು ವಿರಾಜಮಾನರಾದರೆಂದರೆ ಟಿಕೋಟಾ, ಬಬಲೇಶ್ವರದ ಹೆಣ್ಣುಮಕ್ಕಳು ಎದುರಿಗೆ ಬಂದು ಕೂಡುತ್ತಿದ್ದರು. ಇಳಕಲ್ ಸೀರೆಯ ಮಡಿಕೆ ಬಿಚ್ಚಿ ಅವರ ಮೊಣಕಾಲಿನವರೆಗೆ ಹಾಸುವುದರಲ್ಲೇ ಅರ್ಧ ವ್ಯಾಪಾರ ಮುಗಿಯುತ್ತಿತ್ತು.

ಈ ಸಿಂಹಾಸನಕ್ಕೆ ಶತ್ರು ಹುಟ್ಟಿದ್ದು ಬೆನ್ನೆಲುಬಿನ ಕೆಳತುದಿಯಲ್ಲಿ. ಆಪರೇಶನ್ ಆಯಿತು. ಕಾಲಿಗೆ ಹರಿಯುತ್ತಿದ್ದ ನೋವಿನ ಸೆಳಕು ನಿಂತಿತು. ಆದರೆ ಗಾದಿಯ ಮೇಲೆ ಕಾಲು ಮಡಿಚಿದರೆ ನಡು ಕಬ್ಬಿಣದ ಸಲಾಕೆಯಾಗುತ್ತಿತ್ತು. ಮಗ ನಂದಕಿಶೋರ ಇದಕ್ಕೇ ಹೊಂಚು ಹಾಕಿದ್ದ.

"ಗಾದಿ ತಗಸೂಣಪ್ಪಾ. ಗಾಜಿನ ಕೌಂಟರ್, ತಿರುಗೋ ಕುರ್ಚಿ ಹಾಕ್ಸೂಣ."

ಡಾಕ್ಟರಿಗೆ ಎಲ್ಲ ಹೇಳಿ, ಮದ್ದು ಕೇಳಿ, ಗಾದಿ ಉಳಿಸಿಕೊಳ್ಳುವೆನೆಂದು ಪಣತೊಟ್ಟ ಪ್ರಲ್ಹಾದರು ಹೆಂಡತಿ ಸಖೂಬಾಯಿಯ ಸಮೇತ ಆಸ್ಪತ್ರೆಗೆ ದಂಡೆತ್ತಿ ಹೋದರು. ಅಲ್ಲಿ ವಿಶಾಖಾ ಎಂಬ ಹುಡುಗಿ ಪ್ರಶ್ನಾವಳಿ ಹಿಡಿದು ಕೂತಿದ್ದಳು. ಆಪರೇಶನ್ ಎಷ್ಟು ಫಲ ಕೊಟ್ಟಿದೆ ಎಂಬುದನ್ನು ರೋಗಿಯ ಬಾಯಿಂದಲೇ ತಿಳಿಯುವ ಕಾಗದ ಅದು.

"ಕುರ್ಚಿ ಮ್ಯಾಲೆ ಎಷ್ಟೊತ್ತು ಕೂಡ್ತೀರಿ, ಕಾಕಾ?"

"ಕುರ್ಚಿ ಮ್ಯಾಲೇನು, ದಿನಪೂರ್ತಿ ಕೂಡ್ತೀನವಾ."

"ಭಾರದ್ದು ಎತ್ತಿದ್ರ ನೋವು ಬರ್ತೈತೇನ್ರಿ?"

"ಗಂಟು ಎತ್ತಾಕ ಹಮಾಲರು ಅದಾರ. ನಾ ಎಂದ ಎತ್ತೀನಿ?"

"ನೀರಿನ ತಂಬಗಿ ಸೈತ ಎತ್ತಿಲ್ಲ, ಬರಕೋವಾ," ಸಖೂಬಾಯಿ ನಡುವೆ ಬಾಯಿ ಹಾಕಿದರು.

"ದೂರ ಪ್ರಯಾಣ ಮಾಡಿದ್ರ?"

"ಹಿಂದ ಮನಿ, ಮುಂದ ಅಂಗಡಿ. ಪ್ರಯಾಣ ಎಲ್ಲಿಂದ ಬರಬೇಕು?"

ವಿಶಾಖಾ ಪ್ರತಿ ಸಲವೂ 'ತೊಂದರೆ ಇಲ್ಲ' ಎಂಬಲ್ಲಿ ಗುರುತು ಹಾಕಿದಳು. ನಿದ್ದೆಯ ಪ್ರಶ್ನೆ ಬಂತು, ನಡಿಗೆಯದು ಬಂತು, ನಿಲ್ಲುವುದರದೂ ಬಂತು. ಗಾದಿಯದು ಮಾತ್ರ ಬರಲಿಲ್ಲ. ಆ ಪ್ರಶ್ನೆಗಳನ್ನು ಬರೆದವರ ಊರಲ್ಲಿ ನೆಲದ ಮೇಲೆ ಕೂತು ವ್ಯಾಪಾರ ಮಾಡುವವರು ಇರಲಿಲ್ಲವೆಂದು ಕಾಣುತ್ತದೆ.

"ಬ್ಯಾರೆ ಏನರ ಹೇಳೂದೈತೇನ್ರಿ?"

ರಣಕಹಳೆ ಮೊಳಗಿತು. ಪ್ರಲ್ಹಾದರು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಡಾಕ್ಟರೇ ಬಂದು ಹೆಗಲ ಮೇಲೆ ಕೈಯಿಟ್ಟರು.

"ಹೆಂಗದೀರಿ ಸಾವಕಾರ್ರ?"

ಉಪಕಾರ ಮಾಡಿದವರ ಮುಖಕ್ಕೆ ಕುಂದು ಹೇಳುವ ಪದ್ಧತಿ ಪ್ರಲ್ಹಾದರ ಮನೆತನದಲ್ಲೇ ಇಲ್ಲ. ನಾಲಿಗೆ ಒಡೆಯನನ್ನು ಕೇಳದೆ ಶರಣಾಯಿತು.

"ಆರಾಮ್ರಿ ಸಾಹೇಬ್ರ. ಎಲ್ಲಾ ನಿಮ್ಮ ಕೈಗುಣ."

ಸಖೂಬಾಯಿ ಚಿವುಟಿದರು. ತಡವಾಗಿತ್ತು. ಡಾಕ್ಟರು ಕಾಗದ ನೋಡಿ ಹಿಗ್ಗಿದರು. "ಭಾಳ ಛಲೋ ಆಗೈತಿ. ಇನ್ನ ಇಲ್ಲಿಗೆ ಬರೂದು ಬ್ಯಾಡ."

"ಗಾದಿ ಸುದ್ದಿ ಹೇಳ್ತೀನಂತ ಮೀಸಿ ತಿರುವಿ ಬಂದಿದ್ರಿ," ಎಂದರು ಸಖೂಬಾಯಿ ಹೊರಗೆ ಬಂದ ಮೇಲೆ.

"ಅಷ್ಟು ಪ್ರೀತಿಲೆ ಕೇಳಿದ್ರ ಹೆಂಗ ಹೇಳೂದ?"

ಮರುದಿನ ಬೆಳಿಗ್ಗೆ ನಂದಕಿಶೋರ ಹೇಳಿಕಳಿಸಿದ್ದ ಬಡಿಗ ಕೌಂಟರಿನ ಅಳತೆಗೆ ಬರುವವನಿದ್ದ. ಅವನು ಬರುವ ಮೊದಲೇ ಪ್ರಲ್ಹಾದರು ಆಸ್ಪತ್ರೆಯ ಕಾಗದವನ್ನೇ ನಂಬಿ ಗಾದಿಯೇರಿ ಕಾಲು ಮಡಿಚಿದರು. ಕೂತರು. ಏಳಲು ಬರಲಿಲ್ಲ.

ಅದೇ ಹೊತ್ತಿಗೆ ಹಳೆಯ ಗಿರಾಕಿ, ಬಬಲೇಶ್ವರದ ಮದೀನಾಬಿ ಒಳಗೆ ಬಂದಳು. "ಆರಾಮದೀರೇನ್ರಿ ಅಣ್ಣಾರ?"

"ಆರಾಮವಾ," ಎಂದರು ಪ್ರಲ್ಹಾದರು, ಲೋಡನ್ನು ಎರಡೂ ಕೈಯಿಂದ ಅವುಚಿಕೊಂಡು.

"ಮ್ಯಾಲಿನ ಹಸರ ಸೀರಿ ತಗೀರಿ, ನೋಡೂಣು."

ಪ್ರಲ್ಹಾದರು ಮೇಲಿನ ಹಲಗೆ ನೋಡಿದರು, ಮಡಿಚಿದ ಕಾಲು ನೋಡಿದರು. ಆಮೇಲೆ ಒಳಗಿನ ಕೋಣೆಯ ಕಡೆ ಮುಖ ಮಾಡಿ ಮೆತ್ತಗೆ ಕರೆದರು.

"ನಂದೂ, ಬಡಿಗ್ಯಾ ಬಂದಿದ್ರ ಅವನ್ನೂ ಕರ್ಕೊಂಡು ಬಾರಪ್ಪಾ. ಅಳತಿ ಆಮ್ಯಾಲ ತಗೋಳ್ಳಿ. ಇಬ್ಬರೂ ಕೂಡಿ ಮೊದಲ ನನ್ನ ಎಬ್ಬಸ್ರಿ."