ಹೊತ್ತು ಹುಟ್ಟುವ ಮೊದಲಿನ ಹಾಲು

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಾನು ಎಂದೂ ಪೂರ್ತಿ ಎಚ್ಚರವಾಗಿ ಕೂತವಳಲ್ಲ. ಕಿಟಕಿಗೆ ತಲೆ ಆನಿಸಿದರೆ ಸಾಕು, ತೊಗರಿ ಹೊಲ, ಕೆಮ್ಮಣ್ಣು, ರಸ್ತೆ ಬದಿಯ ಬೇವು ಎಲ್ಲ ಒಂದರೊಳಗೊಂದು ಕರಗಿಹೋಗುತ್ತಿದ್ದವು. ಆ ಮಂಪರಿನಲ್ಲಿ ಎರಡೂ ಊರು ಒಂದೇ ಊರಿನ ಎರಡು ಓಣಿಗಳೆಂದು ತೋರುತ್ತಿತ್ತು. ಅಲ್ಲ, ಅವು ಬೇರೆ ಬೇರೆ ಎಂದು ನನಗೆ ತಿಳಿಸಿಕೊಟ್ಟಿದ್ದು ಎರಡು ಕಂಪ್ಯೂಟರುಗಳು.

ಎಂಬತ್ತರ ದಶಕದ ಕೊನೆಯ ಮಾತು ಇದು. ನಮ್ಮ ಜಿಲ್ಲೆ ಕನ್ನಡ ನಾಡಿಗೆ ಸೇರಿದ ವರ್ಷವೇ ಹುಡಗಿ ಎಂಬ ಹಳ್ಳಿಯಲ್ಲಿ ಹುಟ್ಟಿದ ನಾನು, ಹೈದರಾಬಾದಿನಲ್ಲಿ ಕಂಪ್ಯೂಟರ್ ತರಬೇತಿ ಮುಗಿಸಿ, ಹುಮನಾಬಾದಿನ ಒಂದು ಹಾಲಿನ ಸಂಘದಲ್ಲಿ ಕೆಲಸಕ್ಕೆ ಸೇರಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಹೇಳಿದ್ದನ್ನು ಹೇಳಿದಂತೆ ಕೇಳುವುದು ಲೋಕದಲ್ಲಿ ಯಂತ್ರವೊಂದೇ ಎಂದು ನಂಬಿ ಅದರ ಮುಂದೆ ಕೂತವಳು ನಾನು. ಯಂತ್ರಕ್ಕೆ ಮಾಡಬೇಕಾದ ಕೆಲಸಗಳನ್ನು ಒಂದರ ಕೆಳಗೊಂದು ಬರೆದಿಟ್ಟರೆ, ಅದು ಓದುತ್ತಾ ಮಾಡುತ್ತಾ ಹೋಗುತ್ತಿತ್ತು. ಅದಕ್ಕೆ ಶೆಲ್ ಸ್ಕ್ರಿಪ್ಟ್ ಎನ್ನುತ್ತಿದ್ದೆವು. ಯಾರು ಹಾಲು ತಂದರು, ಎಷ್ಟು ತಂದರು, ಬೆಳಗಿನದೋ ಸಂಜೆಯದೋ ಎಂದು ಬರೆದಿಡುವ ಸ್ಕ್ರಿಪ್ಟು ನನ್ನದಾಗಿತ್ತು. ಬೆಳಗು, ಸಂಜೆ ಎಂಬುದನ್ನು ಅದು ಯಂತ್ರದೊಳಗಿನ ಗಡಿಯಾರ ನೋಡಿ ತಾನೇ ತೀರ್ಮಾನಿಸುತ್ತಿತ್ತು.

ಬಸವಕಲ್ಯಾಣದ ಹಾಲಿನ ಕೇಂದ್ರಕ್ಕೂ ಒಂದು ಯಂತ್ರ ಬಂತು. ಆದರೆ ಅದು ಬೇರೆ ಕಂಪನಿಯದು, ಅದರ ಹೊಟ್ಟೆಯೊಳಗೆ ಕೂತು ಅದನ್ನು ನಡೆಸುವ ಯೂನಿಕ್ಸ್ ಎಂಬ ವ್ಯವಸ್ಥೆ ಕೂಡ ಬೇರೆ ಮನೆತನದ್ದು. ಮೊದಲ ದಿನವೇ ಅದು ಕೇಳುವ ಪ್ರತಿ ಪ್ರಶ್ನೆಗೂ ಮೊದಲು ಒಂದು ಅಡ್ಡಗೆರೆ, ಒಂದು ಇಂಗ್ಲಿಷ್ ಅಕ್ಷರ ಸುಮ್ಮನೆ ಬಂದು ನಿಂತವು. ಹುಮನಾಬಾದಿನ ಯಂತ್ರ ಆಜ್ಞೆಯೆಂದು ತಿಳಿದು ನುಂಗಿಕೊಳ್ಳುತ್ತಿದ್ದುದನ್ನು ಇದು ಮಾತೆಂದು ತಿಳಿದು ಪರದೆಯ ಮೇಲೆ ಬರೆಯುತ್ತಿತ್ತು. ಅತ್ತೆಮನೆಗೆ ಬಂದ ಹೊಸ ಸೊಸೆಯ ಹಾಗೆ, ಅದೇ ಮಾತು, ಅರ್ಥ ಮಾತ್ರ ಬೇರೆ. ಅದನ್ನು ಸರಿಪಡಿಸಿ, ಎರಡೂ ಕಡೆ ಓಡುತ್ತದೆ ಎಂದು ಬೀಗುತ್ತಾ ಬಸ್ಸು ಹತ್ತಿದ್ದೆ.

ಆ ಕೇಂದ್ರಕ್ಕೆ ಮೋರಖಂಡಿಯಿಂದ ಒಬ್ಬ ಹೆಂಗಸು ಹಾಲು ತರುತ್ತಿದ್ದಳು. ಗಂಡ ತೀರಿಹೋಗಿದ್ದ, ಎರಡು ಎಮ್ಮೆಗಳಿದ್ದವು. ಹೊತ್ತು ಹುಟ್ಟಿದ ಮೇಲೆ ಹಾಲನ್ನು ದಾರಿಗೆ ತಂದರೆ ಕಂಡವರ ದೃಷ್ಟಿ ತಾಗಿ ಎಮ್ಮೆ ಕೆಚ್ಚಲು ಬತ್ತಿಸಿಕೊಳ್ಳುತ್ತದೆ ಎಂಬುದು ಆಕೆಯ ಮನೆಯ ನಂಬಿಕೆ. ಅದಕ್ಕೇ ನಸುಕಿನಲ್ಲೇ ಕರೆದು, ಕ್ಯಾನಿನ ಬಾಯಿಗೆ ಬಟ್ಟೆ ಕಟ್ಟಿ, ಬೇವಿನ ಎಸಳು ಸಿಕ್ಕಿಸಿ, ಎಲ್ಲರಿಗಿಂತ ಮೊದಲು ಬರುತ್ತಿದ್ದಳು. ಸಂಜೆಯ ಹಾಲನ್ನು ಕತ್ತಲಾದ ಮೇಲೆ ತರುತ್ತಿದ್ದಳು.

ಹುಮನಾಬಾದಿನ ನಮ್ಮ ಕಚೇರಿಯಲ್ಲಿ ಬಸವಕಲ್ಯಾಣದ ಲೆಕ್ಕ ನೋಡಿದವರ ಹುಬ್ಬು ಏರಿತು. ಈಕೆಯ ಹೆಸರಿನ ಮುಂದೆ ಬೆಳಗಿನ ಹಾಲೇ ಇಲ್ಲ, ಎಲ್ಲವೂ ಸಂಜೆಯದು, ಅದೂ ಒಂದೊಂದು ಸಂಜೆಗೆ ಎರಡೆರಡು ಸಲ. ಸಂಜೆ ಕರೆದದ್ದರಲ್ಲಿ ಅರ್ಧ ಉಳಿಸಿಕೊಂಡು, ಬೆಳಗ್ಗೆ ಹಳಸಲು ಹಾಲು ಸುರಿದು ಹೋಗುತ್ತಿದ್ದಾಳೆ ಎಂದು ತೀರ್ಮಾನವಾಯಿತು. ಆಕೆಯ ಹಾಲು ತೆಗೆದುಕೊಳ್ಳಬೇಡಿ ಎಂದು ಆಜ್ಞೆ ಹೋಯಿತು. ಕೇಂದ್ರದ ಮ್ಯಾನೇಜರು ಅದನ್ನು ಸಾಲಿನಲ್ಲಿ ನಿಂತ ಎಲ್ಲರೆದುರು ಹೇಳಿಬಿಟ್ಟರು.

ಅಂದು ನಾನು ಬಸ್ಸಿಳಿದು ಬರುವಾಗ ಆಕೆ ಕೇಂದ್ರದ ಹೊರಗೆ ತುಂಬಿದ ಕ್ಯಾನು ಮಗ್ಗುಲಿಗಿಟ್ಟುಕೊಂಡು ಕೂತಿದ್ದಳು.

"ಯವ್ವಾ, ನಿನ್ನ ಡಬ್ಬಿ ನನ್ನ ಹಾಲು ಹಳಸ್ಯಾದ ಅಂತಂತ ಖರೇನ?" ಎಂದಳು. "ಊರಾಗ ಎಲ್ಲಾರೂ ಕೇಳ್ಯಾರ. ಇನ್ನ ಯಾರ ಮನ್ಯಾಗೂ ನನ್ನ ಹಾಲು ತಗೊಳಂಗಿಲ್ಲ. ನಾ ಮಾರಿ ಹ್ಯಾಂಗ ತೋರಸ್ಲಿ?"

ಒಳಗೆ ಹೋಗಿ ಯಂತ್ರದ ಮುಂದೆ ಕೂತು, ನನ್ನ ಹೆಸರಿನಲ್ಲಿ ಅದನ್ನು ಶುರು ಮಾಡಿ ಸ್ಕ್ರಿಪ್ಟನ್ನು ಓಡಿಸಿದೆ. ಬಿಸಿಲೇರಿತ್ತು. ಇವತ್ತು, ಬೆಳಗು ಎಂದಿತು ಯಂತ್ರ. ಮತ್ತೆ ಓಡಿಸಿದೆ, ಮತ್ತೆ ಅದೇ ಉತ್ತರ. ಸುಳ್ಳು ಹೇಳುತ್ತಿರುವುದು ಯಂತ್ರವೋ, ಹೊರಗೆ ಕೂತವಳೋ? ಆ ಮುಖ ನೋಡಿ ಬಂದ ಮೇಲೆ ಈ ಪ್ರಶ್ನೆ ಕೇಳಿಕೊಳ್ಳುವುದಕ್ಕೇ ನಾಚಿಕೆಯಾಯಿತು. ಆಕೆ ಬರುವ ಹೊತ್ತಿನಲ್ಲೇ ಯಂತ್ರವನ್ನು ನೋಡಬೇಕೆಂದು ಅಂದು ಊರಿಗೆ ಮರಳದೆ ಬಸವಕಲ್ಯಾಣದಲ್ಲೇ ಇದ್ದ ನನ್ನ ಸೋದರತ್ತೆಯ ಮನೆಯಲ್ಲಿ ಉಳಿದೆ.

ಬೇಸಿಗೆಯಾದ್ದರಿಂದ ಮಾಳಿಗೆಯ ಮೇಲೆ ಮಲಗಿದ್ದೆವು. ಎದ್ದಾಗ ಇನ್ನೂ ಚುಕ್ಕೆಗಳಿದ್ದವು, ಗಾಳಿಯಲ್ಲಿ ಬೇವಿನ ಹೂವಿನ ವಾಸನೆಯಿತ್ತು. ಖಾಲಿ ಓಣಿಗಳಲ್ಲಿ ನಡೆಯುತ್ತಾ, ನಾನು ಎದ್ದಿದ್ದೇನೋ ಕನಸಿನಲ್ಲೇ ನಡೆಯುತ್ತಿದ್ದೇನೋ ಎಂಬ ಅನುಮಾನ ನನ್ನನ್ನು ಬಿಡಲಿಲ್ಲ. ಕೇಂದ್ರದಲ್ಲಿ ಮ್ಯಾನೇಜರು ಆಗಲೇ ಬಂದು, ತಮ್ಮ ಹೆಸರಿನಲ್ಲಿ ಯಂತ್ರ ಶುರು ಮಾಡಿ, ಊದುಬತ್ತಿ ಹಚ್ಚಿದ್ದರು. ಹಸಿರು ಅಕ್ಷರಗಳು ಕತ್ತಲಲ್ಲಿ ಮಿನುಗುತ್ತಿದ್ದವು. ತಾರೀಖು ಕೇಳಿದೆ. ನಿನ್ನೆಯದನ್ನು ತೋರಿಸಿತು.

"ಇದು ನಿನ್ನೆ ಅಂತ ತೋರ್ಸಾಕತ್ತದಲ್ರಿ!" ಎಂದೆ.

ಮ್ಯಾನೇಜರು ನಕ್ಕರು. "ದಿನಾ ಹಂಗೇ ತೋರಸ್ತದ್ರಿ ಬಾಯಾರ. ಹೊತ್ತು ಹುಟ್ಟೂತನಕ ನಿನ್ನಿ ದಿನಾನೇ ಅಲ್ಲೇನ್ರಿ? ಪಂಚಾಂಗ ತಿಳದ ಮಷೀನ್ ಅದ!"

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಮ್ಮಜ್ಜಿಯೂ ಹಾಗೇ ಎಣಿಸುತ್ತಿದ್ದಳು, ಸೂರ್ಯ ಮೂಡದೆ ವಾರ ಬದಲಾಗದು. ಆದರೆ ಯಂತ್ರಕ್ಕೆ ಎಲ್ಲಿಯ ಪಂಚಾಂಗ? ಹುಮನಾಬಾದಿನ ಯಂತ್ರಕ್ಕೆ ನಮ್ಮ ದೇಶದ ವೇಳೆ ಹುಟ್ಟಿನಿಂದಲೇ ಗೊತ್ತಿತ್ತು. ಇದಕ್ಕೆ ಯಾರಾದರೂ ಹೇಳಿಕೊಡಬೇಕಿತ್ತು. ನನ್ನ ಹೆಸರಿಗೆ ಅದನ್ನು ಹೇಳಿಕೊಟ್ಟಾಗಿತ್ತು, ಮ್ಯಾನೇಜರ ಹೆಸರಿಗೆ ಹೇಳಿಕೊಟ್ಟಿರಲಿಲ್ಲ. ಯಾರೂ ಹೇಳದಿದ್ದರೆ ಅದು ಇಂಗ್ಲೆಂಡಿನ ವೇಳೆಯಲ್ಲಿ ಬದುಕುತ್ತಿತ್ತು. ಇಲ್ಲಿ ಬೆಳಗಿನ ಐದೂವರೆ ಆಗುವತನಕ ಅಲ್ಲಿ ಹಿಂದಿನ ರಾತ್ರಿ, ನನ್ನ ಸ್ಕ್ರಿಪ್ಟಿನ ಲೆಕ್ಕದಲ್ಲಿ ಹಿಂದಿನ ಸಂಜೆ. ಮೋರಖಂಡಿಯ ಎಮ್ಮೆಯ ಬಿಸಿ ಹಾಲು ಇಷ್ಟು ದಿನ ಯಾವುದೋ ದೂರದ ರಾತ್ರಿಯೊಳಗೆ ಹೋಗಿ ಬೀಳುತ್ತಿತ್ತು. ಐದೂವರೆಯ ನಂತರ ಬಂದವರೆಲ್ಲ ಬೆಳಗಿನವರಾಗಿಯೇ ಉಳಿದಿದ್ದರು. ಸ್ಕ್ರಿಪ್ಟಿನ ತಲೆಯ ಮೇಲೆ, ಯಾರ ಹೆಸರಿನಲ್ಲಿ ಓಡಿದರೂ ನಮ್ಮ ವೇಳೆಯನ್ನೇ ಹಿಡಿಯುವಂತೆ ಒಂದು ಸಾಲು ಬರೆದೆ. ಈಗ ಅದು ಎರಡೂ ಊರಿನಲ್ಲಿ ಒಂದೇ ಮಾತು ಹೇಳುತ್ತಿತ್ತು. ನನಗಾದ ಹಿಗ್ಗು ಅಷ್ಟಿಷ್ಟಲ್ಲ.

ಅಷ್ಟರಲ್ಲಿ ಆಕೆ ಬಂದಳು. ಕರೆದ ಹಾಲನ್ನು ಮನೆಯಲ್ಲಿಟ್ಟುಕೊಂಡು ಏನು ಮಾಡಲಿ ಎಂದು ಹೊತ್ತು ತಂದಿದ್ದಳಂತೆ. ಹಿಂದೆ ನಾಲ್ಕೈದು ಜನ ಸಾಲು ಸೇರಿದ್ದರು.

"ಮಷೀನಿನ ತಪ್ಪಂತ ನೋಡವ್ವಾ," ಎಂದರು ಮ್ಯಾನೇಜರು. "ಈಗ ಬಾಯಾರು ಸುಧಾರ್ಸ್ಯಾರ. ಹಾಕು, ಹಾಕು."

ಆಕೆ ಕ್ಯಾನು ಕೊಡಲಿಲ್ಲ. "ಮಷೀನಿಗಿ ಮೂಗಿಲ್ರಿ ಸಾಹೇಬ್ರ. ನಿಮಗಿತ್ತಲ್ಲ. ಇವ್ರೆಲ್ಲಾರ ಮುಂದ ಹಳಸಲ ಅನ್ನೂಕಿಂತ ಮೊದಲ ಒಂದು ಸಲ ಮೂಸಿ ನೋಡಿದ್ರ ಏನಾಗ್ತಿತ್ತು?"

ನನ್ನ ಹಿಗ್ಗು ಅಲ್ಲೇ ಇಳಿದುಹೋಯಿತು. ಸ್ಕ್ರಿಪ್ಟಿನ ತಪ್ಪು ಒಂದು ಸಾಲಿಗೆ ಸರಿಹೋಗಿತ್ತು, ಜನರೆದುರು ಆಡಿದ ಮಾತು ಹಾಗೇ ಉಳಿದಿತ್ತು.

ಆ ಮ್ಯಾನೇಜರು ಲಿಂಗಪೂಜೆಯಾಗದೆ ಹನಿ ನೀರನ್ನೂ ಬಾಯಿಗೆ ಹಾಕುವವರಲ್ಲ. ಸಂಘಕ್ಕೆಲ್ಲ ಅದು ಗೊತ್ತಿತ್ತು. ಅಂದು ಅವರಿನ್ನೂ ಸ್ನಾನವನ್ನೂ ಮಾಡಿರಲಿಲ್ಲ. ಆದರೂ ಎರಡು ಕೈ ಬೊಗಸೆ ಮಾಡಿ ಆಕೆಯ ಮುಂದೆ ಒಡ್ಡಿದರು. ಆಕೆ ಬೆಚ್ಚಿ, "ಅಯ್ಯ, ಪೂಜಿ ಆಗಿಲ್ಲಲ್ರಿ," ಎಂದಳು. "ಹಾಕವ್ವಾ," ಎಂದರು. ಕುಡಿದರು. ಮೀಸೆಯ ಮೇಲಿನ ನೊರೆಯನ್ನೂ ಒರೆಸಿಕೊಳ್ಳದೆ ಸಾಲಿನ ಕಡೆ ತಿರುಗಿ, "ಈಗಷ್ಟ ಕರದ ಹಾಲದ, ಎಲ್ಲಾರೂ ಕೇಳ್ರಿ," ಎಂದರು.

ಆಕೆ ಕ್ಯಾನು ಬಗ್ಗಿಸಿ ಹಾಲು ಸುರಿದಳು. ನಾನು ಆಕೆಯ ನಂಬರು ಒತ್ತಲು ಹೋದೆ, ಅಳು ಬಂದು ಅಕ್ಷರ ಕಾಣಲಿಲ್ಲ.